ಸೈಕಲ್ಲಿಗೆ ಎರಡು ಮೀಟರು ದಾರಿ

ಬೆಳಗಿನ ಆರು ಗಂಟೆಗೆ ಸೂರತ್ ನಗರದ ವರಾಛಾ ಮುಖ್ಯ ರಸ್ತೆಯ ಅಂಚಿನಲ್ಲಿ ನಿಂತು ನೋಡುವವರಿಗೆ, ಆ ಹೊತ್ತಿನಲ್ಲಿ ರಸ್ತೆ ಯಾರದೆಂಬುದು ಬೇಗನೆ ತಿಳಿಯುತ್ತದೆ. ರಾತ್ರಿ ಪಾಳಿ ಮುಗಿಸಿ ಮನೆಗೆ ಮರಳುವ ಕಾವಲುಗಾರ, ಹ್ಯಾಂಡಲಿನ ಎರಡು ಬದಿಗೂ ಹಾಲಿನ ಚೀಲ ತೂಗಹಾಕಿಕೊಂಡ ಹುಡುಗ, ಕ್ಯಾರಿಯರಿಗೆ ಕರಣೆ ರಸಮಟ್ಟಗಳನ್ನು ಕಟ್ಟಿಕೊಂಡ ಗಾರೆಯವನು, ಪತ್ರಿಕೆ ಹಂಚುವವನು, ಹೋಟೆಲಿನ ಬಾಗಿಲು ತೆರೆಯಲು ಹೊರಟ ಅಡಿಗೆಯವನು, ಹೀಗೆ ಒಬ್ಬರ ಹಿಂದೊಬ್ಬರು ಸದ್ದಿಲ್ಲದೆ ಸಾಗುತ್ತಿರುತ್ತಾರೆ. ಎಂಟು ಗಂಟೆಯಾಯಿತೆಂದರೆ ಈ ನೋಟ ಮಾಯವಾಗುತ್ತದೆ. ಸ್ಕೂಟರು, ಮೋಟಾರು ಬೈಕು, ರಿಕ್ಷಾ, ಟೆಂಪೋಗಳ ಮಹಾಪೂರದಲ್ಲಿ ಸೈಕಲ್ಲಿನವನು ಎಲ್ಲಿ ಹೋದನೆಂಬುದೇ ಕಾಣುವುದಿಲ್ಲ. ಅವನು ಹೋಗಿರುವುದಿಲ್ಲ, ಅಂಚಿನ ಧೂಳಿನಲ್ಲಿ, ನಿಲ್ಲಿಸಿದ ವಾಹನಗಳ ಸಾಲಿಗೂ ಓಡುವ ವಾಹನಗಳ ಸಾಲಿಗೂ ನಡುವೆ ಉಳಿದ ಒಂದು ಮೊಳ ಜಾಗದಲ್ಲಿ ಮುಂದಿನ ಚಕ್ರವನ್ನು ತೂರಿಸುತ್ತ ಇದ್ದೇ ಇರುತ್ತಾನೆ.

ವರಾಛಾ ಎಂಬುದು ಸೂರತ್ ರೈಲು ನಿಲ್ದಾಣದ ಪೂರ್ವಕ್ಕೆ, ತಾಪಿ ನದಿಯ ದಡಕ್ಕೆ ಒತ್ತಿಕೊಂಡು ಬೆಳೆದ ದುಡಿಮೆಯ ಬಡಾವಣೆ. ಸೌರಾಷ್ಟ್ರದ ಬರಪೀಡಿತ ಹಳ್ಳಿಗಳಿಂದ ಬಂದವರು ಇಲ್ಲಿ ವಜ್ರಕ್ಕೆ ಸಾಣೆ ಹಿಡಿಯುವ ಕಸುಬನ್ನು ಊರ್ಜಿತಗೊಳಿಸಿದರು. ಮಿನಿ ಬಜಾರು, ಹೀರಾಬಾಗ್, ಕಾಪೋದ್ರಾ ಎಂಬ ಹೆಸರುಗಳು ವಜ್ರದ ವ್ಯಾಪಾರದೊಡನೆ ಬೆಸೆದುಕೊಂಡಿವೆ. ಜಗತ್ತಿನ ವಜ್ರಗಳಲ್ಲಿ ಬಹುಪಾಲು ಈ ನಗರದ ಘಂಟಿಯ ಮುಂದೆ ಕುಳಿತ ಕೈಗಳಿಂದಲೇ ಹೊಳಪು ಪಡೆದು ಹೊರಡುತ್ತವೆ. ನಿಲ್ದಾಣದಿಂದ ಸರಥಾಣಾದವರೆಗಿನ ದಾರಿ ಸುಮಾರು ಎಂಟು ಕಿಲೋಮೀಟರು. ಮನೆ, ಕಾರ್ಖಾನೆ, ಪೇಟೆ, ಶಾಲೆ ಎಲ್ಲವೂ ಈ ದಾರಿಯ ಆಚೀಚೆ ಒತ್ತೊತ್ತಾಗಿ ಸೇರಿಕೊಂಡಿವೆ. ನೆಲ ಸಮತಟ್ಟು, ಮಡಿಕೇರಿಯಂತೆ ಏರಿಲ್ಲ, ಮಂಗಳೂರಿನಂತೆ ಇಳಿಜಾರಿಲ್ಲ. ಸೈಕಲ್ಲಿಗೆ ಇದಕ್ಕಿಂತ ಅನುಕೂಲವಾದ ಊರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಆದಾಗ್ಯೂ ಸೈಕಲ್ಲಿಗೆ ಇಲ್ಲಿ ದಾರಿಯಿಲ್ಲ.

ಹೊಟ್ಟೆಪಾಡಿಗಾಗಿ, ಉದ್ಯೋಗಕ್ಕಾಗಿ ಗುಜರಾತಿಗೆ ಬಂದು ನೆಲೆಸಿದ ಕನ್ನಡಿಗರಿಗೆ ಸೈಕಲ್ಲು ಅಪರಿಚಿತವಾದ ವಸ್ತುವಲ್ಲ. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ಲು ತಂದು, ಕಾಲು ನಿಲುಕದ ವಯಸ್ಸಿನಲ್ಲಿ ಒಳಪೆಡಲು ತುಳಿದು ಮೊಣಕಾಲು ಕೆತ್ತಿಸಿಕೊಳ್ಳದ ಬಾಲ್ಯ ಆ ತಲೆಮಾರಿನಲ್ಲಿ ಅಪರೂಪವೇ. ಆಗ ಸೈಕಲ್ಲಿಗೂ ಪುರಸಭೆಯ ತೆರಿಗೆಯಿತ್ತು, ಅದಕ್ಕೊಂದು ತಗಡಿನ ಬಿಲ್ಲೆಯಿತ್ತು. ಸಂಜೆಯ ಮೇಲೆ ದೀಪವಿಲ್ಲದೆ ಹೋದರೆ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಡಬಲ್ ಹೊಡೆದರೆ, ಪೋಲೀಸಿನವನು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದ. ಸೈಕಲ್ಲನ್ನು ಒಂದು ವಾಹನವೆಂದು ಸರ್ಕಾರ ಗಂಭೀರವಾಗಿ ಗಣಿಸಿದ್ದ ಕಾಲ ಅದು ಎನ್ನಬೇಕು. ಈಗ ತೆರಿಗೆಯೂ ಇಲ್ಲ, ಬಿಲ್ಲೆಯೂ ಇಲ್ಲ, ಗಣನೆಯೂ ಇಲ್ಲ. 2006-07ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚುವ ಯೋಜನೆಯನ್ನು ಆರಂಭಿಸಿದಾಗ, ಗುಂಪುಗುಂಪಾಗಿ ಹೈಸ್ಕೂಲಿಗೆ ಸೈಕಲ್ಲಿನಲ್ಲಿ ಹೊರಟ ಹೆಣ್ಣುಮಕ್ಕಳನ್ನು ರಜೆಗೆ ಊರಿಗೆ ಹೋದವರು ಕಣ್ಣಾರೆ ಕಂಡಿದ್ದಾರೆ. ಗುಜರಾತಿನಲ್ಲಿಯೂ ಸರಸ್ವತಿ ಸಾಧನಾ ಯೋಜನೆಯಡಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸೈಕಲ್ಲು ಕೊಡುವ ಏರ್ಪಾಡು ಬಂದಿತು. ಸೈಕಲ್ಲು ಕೊಡುವ ಕೈಗಳು ಉಂಟು. ಅದು ಓಡಬೇಕಾದ ದಾರಿಯನ್ನು ಕೊಡುವ ಕೈ ಮಾತ್ರ ಹಿಂಜರಿಯುತ್ತದೆ.

ನಗರಕ್ಕೆ ಬಂದ ಮೇಲೆ ಮೊದಲು ಸ್ಕೂಟರು ಬಂತು, ಆಮೇಲೆ ಕಾರು ಬಂತು, ಅದರ ಬೆನ್ನಿಗೇ ಸಕ್ಕರೆ ಕಾಯಿಲೆಯೂ ಬಂತು. ಸಂಘದ ಯಾವ ಸಮಾರಂಭದಲ್ಲಾದರೂ ಊಟದ ಪಂಕ್ತಿಯಲ್ಲಿ ಹೋಳಿಗೆಯನ್ನು ಬೇಡವೆನ್ನುವವರ ಸಂಖ್ಯೆಯನ್ನು ನೋಡಿದರೆ ಸಾಕು, ಬೇರೆ ಸಾಕ್ಷ್ಯ ಬೇಡ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಖಿಲ ಭಾರತ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನ ಮಧುಮೇಹಿಗಳಿದ್ದಾರೆ.

ಮೆಟ್ಟಿಲು ಹತ್ತಿದ ಕಂಡಕ್ಟರು

ದೇಹಶ್ರಮಕ್ಕೂ ಹೃದಯದ ಆರೋಗ್ಯಕ್ಕೂ ಇರುವ ನಂಟನ್ನು ಲೆಕ್ಕ ಹಾಕಿ ತೋರಿಸಿದವರಲ್ಲಿ ಮೊದಲಿಗರು ಇಂಗ್ಲೆಂಡಿನ ಡಾಕ್ಟರ್ ಜೆರೆಮಿ ಮಾರಿಸ್. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಡ್ರೈವರನು ದಿನವಿಡೀ ಕುಳಿತೇ ಇರುತ್ತಾನೆ, ಕಂಡಕ್ಟರನು ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಒಂದೇ ಬಸ್ಸು, ಒಂದೇ ವರ್ಗದ ಜನ. ಇವರಿಬ್ಬರನ್ನು ಹೋಲಿಸಿದಾಗ ಹೃದಯದ ರಕ್ತನಾಳಗಳ ರೋಗವು ಡ್ರೈವರುಗಳಲ್ಲಿ ಹೆಚ್ಚಾಗಿಯೂ ಕಂಡಕ್ಟರುಗಳಲ್ಲಿ ಕಡಿಮೆಯಾಗಿಯೂ ಕಂಡುಬಂದಿತು. 1953ರಲ್ಲಿ ಈ ಲೇಖನ ಅಚ್ಚಾದಾಗ ಅನೇಕ ವೈದ್ಯರು ನಂಬಲಿಲ್ಲ. ಅಲ್ಲಿಂದೀಚೆಗೆ ಸಾಕ್ಷ್ಯ ಬೆಳೆಯುತ್ತಲೇ ಹೋಗಿದೆ. 2000ದಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಸುಮಾರು 30,000 ಜನರನ್ನು ಕುರಿತ ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗದವರ ಮರಣಪ್ರಮಾಣವು, ಹೋಗುವವರಿಗಿಂತ ನೂರಕ್ಕೆ ನಲವತ್ತರಷ್ಟು ಹೆಚ್ಚಾಗಿತ್ತು. ಬ್ರಿಟನ್ನಿನಲ್ಲಿ ಎರಡೂವರೆ ಲಕ್ಷಕ್ಕೂ ಮೀರಿದ ಜನರನ್ನು ಐದು ವರ್ಷ ಕಾಲ ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಹೆಚ್ಚುಕಡಿಮೆ ಇದೇ ಫಲಿತಾಂಶ ಬಂದಿತು. ಸೈಕಲ್ಲು ತುಳಿಯುವವರು ಮೊದಲೇ ದೃಢಕಾಯರಾಗಿದ್ದಿರಬಹುದಲ್ಲವೇ ಎಂಬ ಸಂದೇಹ ಇಂಥ ಅಧ್ಯಯನಗಳಲ್ಲಿ ಸಂಪೂರ್ಣ ನಿವಾರಣೆಯಾಗುವುದಿಲ್ಲ. ಆದರೆ ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಕಾಲದಲ್ಲಿ ಒಂದೇ ಉತ್ತರ ಬರುತ್ತಿರುವುದನ್ನು ತಳ್ಳಿಹಾಕುವಂತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ವ್ಯಾಯಾಮವನ್ನು ಸೂಚಿಸುತ್ತದೆ. ಮನೆಯಿಂದ ಕಚೇರಿಗೆ ನಾಲ್ಕು ಕಿಲೋಮೀಟರೆಂದು ಇಟ್ಟುಕೊಂಡರೆ, ಅವಸರವಿಲ್ಲದ ಸವಾರನಿಗೆ ಇಪ್ಪತ್ತು ನಿಮಿಷದ ದಾರಿ. ಹೋಗಿಬರಲು ನಲವತ್ತು. ವಾರಕ್ಕೆ ಐದು ದಿನವಾದರೆ 200 ನಿಮಿಷ. ಬೆಳಗಿನ ಐದಕ್ಕೆ ಎದ್ದು ತೋಟಕ್ಕೆ ಹೋಗುವ ಸಂಕಲ್ಪ ಎಷ್ಟೋ ಜನರಲ್ಲಿ ಸಂಕ್ರಾಂತಿಯವರೆಗೂ ಬಾಳುವುದಿಲ್ಲ. ಕೆಲಸಕ್ಕೆ ಹೋಗುವುದನ್ನಾದರೋ ಯಾರೂ ನಾಳೆಗೆ ಮುಂದೂಡುವಂತಿಲ್ಲ. ವ್ಯಾಯಾಮವು ದಿನಚರಿಯೊಳಗೇ ಸೇರಿಹೋಗುವುದು ಸೈಕಲ್ಲಿನ ನಿಜವಾದ ಲಾಭ.

ಧೂಳು ಹೊಗೆಯ ನಡುವೆ ಸೈಕಲ್ಲು ತುಳಿದರೆ ಶ್ವಾಸಕೋಶಕ್ಕೆ ಕೇಡಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಾಧುವಾದುದೇ. 2016ರಲ್ಲಿ ಕೇಂಬ್ರಿಜಿನ ಸಂಶೋಧಕರು ಇದನ್ನೇ ಲೆಕ್ಕ ಹಾಕಿ, ದಿನಕ್ಕೆ ಅರ್ಧ ಗಂಟೆಯ ಸೈಕಲ್ ಸವಾರಿಯಿಂದ ದೊರೆಯುವ ಪ್ರಯೋಜನವು ಜಗತ್ತಿನ ಬಹುತೇಕ ನಗರಗಳಲ್ಲಿ ಹೊಗೆಯಿಂದಾಗುವ ಹಾನಿಗಿಂತ ಹೆಚ್ಚೆಂದು ಕಂಡುಕೊಂಡರು. ಆಸ್ತಮಾ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಹೊರಡಬೇಕು. ಮುಖ್ಯ ರಸ್ತೆಯನ್ನು ಬಿಟ್ಟು ಒಳಬೀದಿಗಳನ್ನು ಹಿಡಿದರೆ ಹೊಗೆಯೂ ಕಡಿಮೆ, ಅಪಾಯವೂ ಕಡಿಮೆ.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಆರೋಗ್ಯಕ್ಕಾಗಿ ಸೈಕಲ್ಲನ್ನು ಆಯ್ದುಕೊಳ್ಳುವವರು ಬೇರೆ, ಬೇರೆ ಗತಿಯಿಲ್ಲದೆ ಅದನ್ನು ತುಳಿಯುವವರು ಬೇರೆ. ಹನ್ನೆರಡು ಗಂಟೆ ನಿಂತು ಕಾವಲು ಕಾದವನಿಗೆ ವ್ಯಾಯಾಮದ ಕೊರತೆಯಿರುವುದಿಲ್ಲ, ನಿದ್ದೆಯ ಕೊರತೆಯಿರುತ್ತದೆ. ಅವನಿಗೆ ಬೇಕಾಗಿರುವುದು ಸೈಕಲ್ಲಿನ ಮಹಿಮೆಯನ್ನು ಕುರಿತ ಭಾಷಣವಲ್ಲ, ಜೀವಸಹಿತ ಮನೆ ಮುಟ್ಟಿಸುವ ದಾರಿ. 2022ನೆಯ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ ಸುಮಾರು ಮೂವರು ಸೈಕಲ್ ಸವಾರರು. ನೂರಕ್ಕೆ ಮೂರೆಂದರೆ ಅಲ್ಪವೆನಿಸಬಹುದು. ಲೆಕ್ಕ ಮಾಡಿದರೆ ನಾಲ್ಕು ಸಾವಿರದ ಎಂಟುನೂರರಷ್ಟು ಮನೆಗಳಲ್ಲಿ ಅಂದು ಸಂಜೆ ಸೈಕಲ್ಲು ಮರಳಿ ಬರಲಿಲ್ಲ.

ದಾರಿಯ ತೊಡಕುಗಳು

ಸೈಕಲ್ಲಿನವನ ಕಷ್ಟಗಳನ್ನು ಅರಿಯಬೇಕಾದರೆ ಕಾರಿನ ಕಿಟಕಿಯಿಂದ ನೋಡಿದರೆ ಸಾಲದು. ಮೋರಿಯ ಮೇಲೆ ಹಾಸಿದ ಕಬ್ಬಿಣದ ಜಾಲರಿಯ ಸಂದುಗಳು ರಸ್ತೆಗೆ ಸಮಾನಾಂತರವಾಗಿದ್ದರೆ ಸೈಕಲ್ಲಿನ ತೆಳ್ಳಗಿನ ಚಕ್ರ ಅದರೊಳಗೆ ಇಳಿದುಬಿಡುತ್ತದೆ, ಸವಾರನು ತಲೆಕೆಳಗಾಗುತ್ತಾನೆ. ಅದೇ ಜಾಲರಿಯನ್ನು ಅಡ್ಡಲಾಗಿ ತಿರುಗಿಸಿ ಕೂರಿಸಿದರೆ ಆಯಿತು. ಖರ್ಚು ಏನೇನೂ ಇಲ್ಲ, ಆದರೆ ಹಾಕುವವನು ಸೈಕಲ್ಲು ತುಳಿದವನಾಗಿರಬೇಕು. ಮೇಲ್ಸೇತುವೆಯ ಬುಡದಲ್ಲಿ ನೇರ ಹೋಗುವ ಸೈಕಲ್ಲಿಗೂ, ಸೇತುವೆ ಏರಲು ಅಡ್ಡ ಬರುವ ಮೋಟಾರಿಗೂ ಮುಖಾಮುಖಿಯಾಗುತ್ತದೆ. ವೃತ್ತಗಳಲ್ಲಿ ಎಡಕ್ಕೆ ತಿರುಗುವ ಲಾರಿಯ ಚಾಲಕನಿಗೆ ತನ್ನ ಎಡಗಡೆಯ ಸೈಕಲ್ಲು ಕಾಣುವುದೇ ಇಲ್ಲ. ರಸ್ತೆಯ ಅಂಚಿನಲ್ಲಿ ಬಿಳಿಯ ಗೆರೆ ಎಳೆದು ಸೈಕಲ್ಲಿನ ಚಿತ್ರ ಬರೆದರೆ ಅದು ನಾಳೆ ಬೆಳಿಗ್ಗೆಯೇ ವಾಹನ ನಿಲ್ಲಿಸುವ ತಾಣವಾಗುತ್ತದೆ. ಕೊನೆಯದಾಗಿ ಬಿಡಿಬಿಡಿ ದಾರಿ: ಅರ್ಧ ಕಿಲೋಮೀಟರು ಸೊಗಸಾದ ಹಾದಿ, ಅನಂತರ ಒಂದು ವಿದ್ಯುತ್ ಕಂಬ, ಅನಂತರ ಏನೂ ಇಲ್ಲ. ಅಪಾಯವಿರುವುದು ಕೂಡುರಸ್ತೆಯಲ್ಲಿ, ಹಾದಿ ಮುಗಿಯುವುದೂ ಅಲ್ಲಿಯೇ. ಈಜು ಬಾರದವನನ್ನು ದೋಣಿಯಲ್ಲಿ ನಡುಹೊಳೆಯವರೆಗೆ ಕರೆದೊಯ್ದು ಇಳಿಸಿದಂತೆ.

ಪ್ರಯತ್ನಗಳು ಆಗಿಲ್ಲವೆಂದಲ್ಲ. ಅಹಮದಾಬಾದಿನಲ್ಲಿ 2009ರಲ್ಲಿ ಜನಮಾರ್ಗವೆಂಬ ಬಸ್ ಪಥ ಆರಂಭವಾದಾಗ ಅದರ ಕೆಲವು ಭಾಗಗಳಲ್ಲಿ ಸೈಕಲ್ ಪಥಗಳನ್ನೂ ಕಟ್ಟಿದರು. ಅವುಗಳಲ್ಲಿ ಅನೇಕವು ವಾಹನ ನಿಲುಗಡೆಗೂ ಅಂಗಡಿಗಳಿಗೂ ಬಲಿಯಾದವು. ಸೂರತ್ತಿನ ಬಸ್ ಪಥ 2014ರಲ್ಲಿ ಮೊದಲಾಯಿತು; ನೂರು ಕಿಲೋಮೀಟರು ಮೀರಿ ಬೆಳೆದು ದೇಶದ ಅತಿ ಉದ್ದದ ಜಾಲಗಳಲ್ಲಿ ಒಂದಾಯಿತು. ಸೂರತ್ ಮಹಾನಗರ ಪಾಲಿಕೆಯು 2019ರಲ್ಲಿ ಬಾಡಿಗೆ ಸೈಕಲ್ಲುಗಳ ಸಾರ್ವಜನಿಕ ವ್ಯವಸ್ಥೆಯನ್ನೂ ತಂದಿತು. ವಡೋದರಾದಲ್ಲಿ ನಿಕಿತಾ ಲಾಲವಾನಿ ಎಂಬ ತರುಣಿ 2017ರಲ್ಲಿ 'ಬೈಸಿಕಲ್ ಮೇಯರ್' ಎಂಬ ಗೌರವ ಪದವಿ ಪಡೆದು ದೇಶದ ಗಮನ ಸೆಳೆದರು. ಆಮ್‌ಸ್ಟರ್‌ಡ್ಯಾಮಿನ ಸಂಸ್ಥೆಯೊಂದು ನಗರ ನಗರಗಳಲ್ಲಿ ಸೈಕಲ್ಲಿನ ಪರವಾಗಿ ದನಿಯೆತ್ತುವವರಿಗೆ ಕೊಡುವ ಪದವಿ ಇದು, ಸಂಬಳವಿಲ್ಲ, ಅಧಿಕಾರವಿಲ್ಲ. 2020ರ ಸಾಂಕ್ರಾಮಿಕದ ವೇಳೆ ಕೇಂದ್ರದ ನಗರಾಭಿವೃದ್ಧಿ ಸಚಿವಾಲಯವು ನಗರಗಳ ನಡುವೆ ಸೈಕಲ್ ಸ್ಪರ್ಧೆಯೊಂದನ್ನು ಏರ್ಪಡಿಸಿತು. ಸೈಕಲ್ಲು ತುಳಿಯುವವರನ್ನು ವಿಚಾರಿಸಿ, ತಾತ್ಕಾಲಿಕ ಪಥಗಳನ್ನು ಪ್ರಯೋಗಿಸಿ ನೋಡಬೇಕೆಂಬುದು ಅದರ ಉದ್ದೇಶ. ನೂರಕ್ಕೂ ಹೆಚ್ಚು ನಗರಗಳು ಹೆಸರು ನೋಂದಾಯಿಸಿದವು. ಕೊನೆಗೆ ಪುರಸ್ಕೃತವಾದ ಹನ್ನೊಂದರಲ್ಲಿ ಸೂರತ್, ವಡೋದರಾ, ರಾಜಕೋಟ್ ಮೂರೂ ಇದ್ದವು, ಬೆಂಗಳೂರೂ ಇತ್ತು.

ಬೆಂಗಳೂರಿನ ಹೆಸರು ಬಂದಾಗ ಹೆಮ್ಮೆಯ ಜೊತೆಗೆ ಎಚ್ಚರಿಕೆಯೂ ಬೇಕು. ಜಯನಗರದ ಮರಗಳ ನೆರಳಿನ ಬೀದಿಗಳಲ್ಲಿ 2012ರ ಸುಮಾರಿಗೆ ಸೈಕಲ್ ಪಥಗಳನ್ನು ಗುರುತಿಸಲಾಯಿತು; ಕಾರುಗಳು ಅವನ್ನು ಆಕ್ರಮಿಸಿದವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೃಷ್ಣರಾಜಪುರದ ಕಡೆಗೆ ಗೂಟಗಳನ್ನು ನೆಟ್ಟು ಸೈಕಲ್ ಪಥವನ್ನು ಬೇರ್ಪಡಿಸಿದರು. ತುಳಿಯುವವರು ಬಂದರು, ಪತ್ರಿಕೆಗಳು ಕೊಂಡಾಡಿದವು. ಮುಂದೆ ಮೆಟ್ರೋ ಕಾಮಗಾರಿ ಬಂದಿತು, ಗೂಟಗಳು ಒಂದೊಂದಾಗಿ ಉರುಳಿದವು, ಪಥ ಅಳಿಸಿಹೋಯಿತು. ಅಲ್ಲಿ ಸತ್ಯ ಶಂಕರನ್ ಮೊದಲಾದವರು ಕಚೇರಿಗೆ ಸೈಕಲ್ಲಿನಲ್ಲಿ ಹೋಗುವವರ ದೂರವನ್ನು ದಿನದಿನವೂ ಲೆಕ್ಕವಿಟ್ಟು, ಕಂಪನಿ ಕಂಪನಿಗಳ ನಡುವೆ ಪೈಪೋಟಿ ಹಚ್ಚಿ, ಸೈಕಲ್ಲಿನವರು ಇದ್ದಾರೆಂಬುದನ್ನು ಅಂಕಿಗಳಲ್ಲಿ ತೋರಿಸುವ ಕೆಲಸ ಮಾಡಿದರು. ಮೈಸೂರಿನ ಕತೆ ಸ್ವಲ್ಪ ಬೇರೆ. 2017ರ ಜೂನ್ 4ರಂದು ಆರಂಭವಾದ 'ಟ್ರಿಣ್ ಟ್ರಿಣ್' ಬಾಡಿಗೆ ಸೈಕಲ್ ವ್ಯವಸ್ಥೆ 48 ನಿಲ್ದಾಣಗಳೊಡನೆ, 450 ಸೈಕಲ್ಲುಗಳೊಡನೆ ಹೊರಟಿತು. ಊರು ಅಷ್ಟು ವಿಸ್ತಾರವಾದುದಲ್ಲ, ರಸ್ತೆಗಳ ಮೇಲೆ ಒತ್ತಡ ಕಡಿಮೆ. ಹೆಸರೂ ಜನರ ಬಾಯಿಗೆ ಹತ್ತಿತು. ಸೈಕಲ್ಲಿನ ಬೆಲ್ಲಿಗಿಂತ ಒಳ್ಳೆಯ ಹೆಸರು ಅದಕ್ಕೆ ಸಿಕ್ಕುತ್ತಿರಲಿಲ್ಲ.

ಹಾಲೆಂಡಿನಲ್ಲಿ ಸೈಕಲ್ಲು ಹುಟ್ಟಿನಿಂದಲೇ ಸುಖವಾಗಿತ್ತೆಂದು ಭಾವಿಸುವವರು ಬಹಳ. ಅದು ತಪ್ಪು ತಿಳಿವಳಿಕೆ. 1950-60ರ ದಶಕಗಳಲ್ಲಿ ಅಲ್ಲಿಯೂ ಕಾರುಗಳಿಗಾಗಿ ರಸ್ತೆಗಳನ್ನು ಅಗಲಿಸಿ ಸೈಕಲ್ಲನ್ನು ಮೂಲೆಗೆ ಒತ್ತಿದ್ದರು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಮಕ್ಕಳ ಕೊಲೆ ನಿಲ್ಲಲಿ ಎಂಬ ಕೂಗಿನೊಡನೆ ತಾಯಿತಂದೆಗಳು ಬೀದಿಗಿಳಿದರು. 1973ರ ತೈಲದ ಮುಗ್ಗಟ್ಟು ಅವರ ವಾದಕ್ಕೆ ಬಲ ಕೊಟ್ಟಿತು. ಇಂದು ಜಗತ್ತು ಹೊಗಳುವ ಅಲ್ಲಿನ ಸೈಕಲ್ ಹಾದಿಗಳು ಆ ಚಳವಳಿಯಿಂದೀಚೆಗೆ ಬಂದವು.

ಸೂರತ್ತಿಗೂ ಇಂಥ ತಿರುವಿನ ಅನುಭವವಿದೆ. 1994ರ ಸೆಪ್ಟೆಂಬರಿನಲ್ಲಿ ಪ್ಲೇಗಿನ ಭೀತಿಗೆ ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ಮರುವರ್ಷ ಪಾಲಿಕೆಯ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ಅಧಿಕಾರಿಗಳನ್ನು ಕುರ್ಚಿಯಿಂದ ಎಬ್ಬಿಸಿ ದಿನವೂ ಬೀದಿಗೆ ಕಳುಹಿಸಿದರು. ಕಣ್ಣೆದುರೇ ಊರು ಬದಲಾಯಿತು. 2023ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಸೂರತ್ ಇಂದೋರಿನೊಡನೆ ಮೊದಲ ಸ್ಥಾನವನ್ನು ಹಂಚಿಕೊಂಡಿತು. ಕಸವನ್ನು ಗೆದ್ದ ಪಾಲಿಕೆಗೆ ಎರಡು ಮೀಟರು ಅಗಲದ ದಾರಿ ಅಸಾಧ್ಯವೇನಲ್ಲ.

ಎಣಿಕೆಯ ಬಲ

ಎರಡು ಮೀಟರು ಎಂಬುದು ಸುಮ್ಮನೆ ಆಡಿದ ಮಾತಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸು 1962ರಷ್ಟು ಹಿಂದೆಯೇ ಸೈಕಲ್ ಪಥಗಳಿಗೆಂದು ಪ್ರತ್ಯೇಕ ಮಾನದಂಡವನ್ನು ಪ್ರಕಟಿಸಿತ್ತು. ಎರಡು ಸಾಲು ಸೈಕಲ್ಲು ಹೋಗುವ ಪಥ ಕನಿಷ್ಠ ಎರಡು ಮೀಟರು ಅಗಲವಿರಬೇಕೆಂದು ಅದು ಹೇಳಿತು. ಇನ್ನೂ ಮುಖ್ಯವಾದ ಮಾತೊಂದು ಅದರಲ್ಲಿದೆ. ಒಂದು ರಸ್ತೆಯಲ್ಲಿ ಗಂಟೆಗೆ 200ಕ್ಕಿಂತ ಹೆಚ್ಚು ಮೋಟಾರು ವಾಹನಗಳು ಓಡುತ್ತಿದ್ದರೆ, ಅಲ್ಲಿ ಗಂಟೆಗೆ ಕೇವಲ 100 ಸೈಕಲ್ಲುಗಳಿದ್ದರೂ ಪ್ರತ್ಯೇಕ ಪಥ ಸಮರ್ಥನೀಯ. 2015ರಲ್ಲಿ ಈ ಮಾನದಂಡವನ್ನು ಪರಿಷ್ಕರಿಸಿ ಮತ್ತೆ ಪ್ರಕಟಿಸಿದರು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೂ ವಾಹನಗಳನ್ನಲ್ಲ, ಜನರನ್ನು ಸಾಗಿಸುವುದು ರಸ್ತೆಯ ಉದ್ದೇಶವೆಂದು ಸಾರಿತು. ಕಾಗದದ ಮೇಲೆ ಸೈಕಲ್ಲಿಗೆ ಅರವತ್ತು ವರ್ಷಗಳಿಂದಲೂ ಹಕ್ಕಿದೆ ಎಂದಾಯಿತು.

ವರಾಛಾ ರಸ್ತೆಯಲ್ಲಿ ಮೋಟಾರುಗಳು ಗಂಟೆಗೆ 200 ಮೀರುತ್ತವೆಯೇ ಎಂದು ಕೇಳಿದರೆ ಮಕ್ಕಳೂ ನಗುತ್ತಾರೆ. ಹಾಗಾದರೆ ಉಳಿದ ಪ್ರಶ್ನೆ ಒಂದೇ: ಗಂಟೆಗೆ ಎಷ್ಟು ಸೈಕಲ್ಲು? ಇದನ್ನು ಎಣಿಸುವವರಿಲ್ಲ. ರಸ್ತೆ ಅಗಲಿಸುವಾಗ, ಮೇಲ್ಸೇತುವೆ ಕಟ್ಟುವಾಗ ಕಾರಿನ ಸಂಖ್ಯೆಯ ಮಾತು ಬರುತ್ತದೆ. ಕಾವಲುಗಾರನ ಸೈಕಲ್ಲಿನ ಮಾತು ಬರುವುದಿಲ್ಲ. 2011ರ ಜನಗಣತಿಯಲ್ಲಿ ಜನ ಕೆಲಸಕ್ಕೆ ಹೇಗೆ ಹೋಗುತ್ತಾರೆಂದು ಕೇಳಿದರು. ಬೇಸಾಯ, ಮನೆಗೆಲಸದ ಕಸುಬುಗಳನ್ನು ಬಿಟ್ಟು ಉಳಿದ ದುಡಿಮೆಗಾರರಲ್ಲಿ ನೂರಕ್ಕೆ ಹದಿಮೂರು ಜನ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಕಾರಿನಲ್ಲಿ ಹೋಗುವವರು ನೂರಕ್ಕೆ ಮೂವರೂ ಇರಲಿಲ್ಲ. ರಸ್ತೆಯ ಅಗಲದಲ್ಲಿ ಇವರಿಬ್ಬರಿಗೆ ಸಂದ ಪಾಲನ್ನು ನೋಡಿದರೆ ಎಣಿಕೆ ಏಕೆ ಬೇಕೆಂಬುದು ತಿಳಿಯುತ್ತದೆ.

ಭಾನುವಾರದ ಮುಂಜಾನೆ ಬಣ್ಣಬಣ್ಣದ ಅಂಗಿ ತೊಟ್ಟು ನಡೆಸುವ ಸೈಕಲ್ ಮೆರವಣಿಗೆಗಳನ್ನು ಹಳಿಯಬೇಕಾಗಿಲ್ಲ. ಕೊಲಂಬಿಯಾದ ಬೊಗೊಟಾ ನಗರದಲ್ಲಿ 1974ರಿಂದ ಭಾನುವಾರಗಳಂದು ಮುಖ್ಯ ರಸ್ತೆಗಳನ್ನು ಸೈಕಲ್ಲಿಗೆ ಬಿಟ್ಟುಕೊಟ್ಟು, ಮುಂದೆ ನಿತ್ಯದ ಪಥಗಳೂ ಬಂದವು. ಆದರೆ ಮೆರವಣಿಗೆಯ ಫೋಟೋದಲ್ಲಿ ಗಾರೆಯವನು ಇರುವುದಿಲ್ಲ. ಅವನಿಗೆ ಭಾನುವಾರವೂ ಕೆಲಸ. ಅವನ ಪರವಾಗಿ ವಾದಿಸಲು ಅಂಕಿ ಬೇಕು.

ವರಾಛಾಕ್ಕೆ ಇದು ತಕ್ಕ ಕಾಲವೂ ಹೌದು. 2021ರ ಜನವರಿಯಲ್ಲಿ ಅಡಿಗಲ್ಲಿಟ್ಟ ಸೂರತ್ ಮೆಟ್ರೋದ ಮೊದಲ ಮಾರ್ಗ ಸರಥಾಣಾದಿಂದ ಹೊರಟು, ಕಾಪೋದ್ರಾದ ಬಳಿ ನೆಲದೊಳಗೆ ಇಳಿದು, ನಿಲ್ದಾಣದ ಮೂಲಕ ಖಜೋದದ ಡ್ರೀಮ್ ಸಿಟಿಯವರೆಗೆ ಸುಮಾರು 21 ಕಿಲೋಮೀಟರು ಹಾಯುವಂತೆ ಯೋಜಿತವಾಗಿದೆ. 2023ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ವಜ್ರ ವಿನಿಮಯ ಕೇಂದ್ರವೂ ಅಲ್ಲಿಯೇ. ಮೆಟ್ರೋಗಾಗಿ ಅಗೆದ ರಸ್ತೆಯನ್ನು ಮುಚ್ಚುವಾಗ ಹೊಸದಾಗಿ ಹಾಸಲೇಬೇಕು. ಆ ಹೊತ್ತಿಗೆ ಮನವಿ ಹೋಗದಿದ್ದರೆ ಮತ್ತೆ ಇಪ್ಪತ್ತು ವರ್ಷ ಕಾಯಬೇಕಾಗುತ್ತದೆ. ಬೆಂಗಳೂರಿನಲ್ಲಿ ಮೆಟ್ರೋ ಕಾಮಗಾರಿ ಸೈಕಲ್ ಪಥವನ್ನು ನುಂಗಿತು. ಇಲ್ಲಿ ಅದೇ ಕಾಮಗಾರಿಯ ಬೆನ್ನಿಗೆ ಪಥ ಬರಬಾರದೇಕೆ? ಮೆಟ್ರೋ ನಿಲ್ದಾಣದ ಬುಡದಲ್ಲಿ ಸೈಕಲ್ಲು ಬೀಗ ಹಾಕಿ ನಿಲ್ಲಿಸಲು ನೆರಳಿನ ಜಾಗವೊಂದನ್ನು ಕೇಳುವುದೂ ಹೆಚ್ಚಿನ ಬೇಡಿಕೆಯಾಗದು. ವಜ್ರದ ವ್ಯಾಪಾರ ಮುಗ್ಗರಿಸಿದಾಗಲೆಲ್ಲ ಪೆಟ್ರೋಲಿನ ದುಡ್ಡು ಉಳಿಸಲು ಎಷ್ಟೋ ರತ್ನಕಲಾಕಾರರಿಗೆ ಹಳೆಯ ಸೈಕಲ್ಲಿನ ನೆನಪಾಗುವುದು ಸಹಜ.

ಕನ್ನಡ ಸಂಘಗಳು ಇದರಲ್ಲಿ ಮಾಡುವುದೇನು ಎಂಬ ಪ್ರಶ್ನೆ ಬರಬಹುದು. ನಗರಸಭೆಯ ಮತಪೆಟ್ಟಿಗೆಯಲ್ಲಿ ಕನ್ನಡಿಗರ ತೂಕ ದೊಡ್ಡದಲ್ಲ, ನಿಜ. ಆದರೆ ಬ್ಯಾಂಕಿನಲ್ಲಿ, ವಿಮೆಯಲ್ಲಿ, ಹಜೀರಾದ ಕಾರ್ಖಾನೆಗಳಲ್ಲಿ ಕೆಲಸ ಮಾಡಿದ ಹಿರಿಯರಿಗೆ ಎಣಿಸುವುದು, ಬರೆದಿಡುವುದು, ಅರ್ಜಿ ಹಾಕುವುದು, ಬೆನ್ನು ಹತ್ತುವುದು ಕರಗತವಾದ ವಿದ್ಯೆ. ಗುಜರಾತಿನ ನೆರೆಹೊರೆಯವರನ್ನು, ಸೊಸೈಟಿಯ ಅಧ್ಯಕ್ಷರನ್ನು ಜೊತೆಗೆ ಸೇರಿಸಿಕೊಂಡು ಎರಡು ಭಾಷೆಗಳಲ್ಲಿ ಮನವಿ ಬರೆದು, ವಾರ್ಡಿನ ಕಾರ್ಪೊರೇಟರಿಗೂ ಪಾಲಿಕೆಯ ವಲಯ ಕಚೇರಿಗೂ ಏಕಕಾಲದಲ್ಲಿ ಕೊಟ್ಟರೆ ಕಡತ ಚಲಿಸುತ್ತದೆ. ಬೇಡಿಕೆ ಚಿಕ್ಕದಾಗಿರಬೇಕು: ಇಂಥ ಮೋರಿಯ ಜಾಲರಿ ತಿರುಗಿಸಿ, ಇಂಥ ವೃತ್ತದಲ್ಲಿ ಸೈಕಲ್ಲಿಗೆ ಮುಂಚೂಣಿಯ ಜಾಗ ಬಿಡಿ, ಇಂಥ ಶಾಲೆಯ ಮುಂದೆ ಮೂರು ಅಡ್ಡಹಾದಿಗಳ ನಡುವೆ ವಾಹನ ನಿಲ್ಲದಂತೆ ಕಲ್ಲು ನೆಡಿ. ಸಾವಿರ ಕೋಟಿಯ ಕನಸಿಗಿಂತ ಒಂದು ಜಾಲರಿ ಮೇಲು.

ಐವತ್ತು ದಾಟಿದವರು ಈ ನೆವದಲ್ಲಿ ಮತ್ತೆ ಸೈಕಲ್ಲು ಹತ್ತುವುದಾದರೆ ಕೆಲವು ಎಚ್ಚರಿಕೆಗಳು ಅವಶ್ಯ. ಹೃದ್ರೋಗ, ರಕ್ತದೊತ್ತಡ ಇದ್ದವರು ಮೊದಲು ವೈದ್ಯರನ್ನು ಕಾಣಬೇಕು. ಎದೆಯಲ್ಲಿ ಬಿಗಿತ, ಎಡತೋಳಿಗೆ ಹರಡುವ ನೋವು, ತಲೆ ಸುತ್ತು ಕಂಡಕೂಡಲೇ ಇಳಿಯಬೇಕು. ಇನ್ನೊಂದು ಕಿಲೋಮೀಟರು ಹೋಗಿಬಿಡೋಣವೆಂಬ ಹಟ ಬೇಡ. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಕೆಲವು ಬಗೆಯ ಮಾತ್ರೆ ನುಂಗುವವರಿಗೂ ಶ್ರಮದಿಂದ ಸಕ್ಕರೆ ಹಠಾತ್ತಾಗಿ ಇಳಿಯಬಹುದು. ಜೇಬಿನಲ್ಲಿ ಸಕ್ಕರೆಯ ಪೊಟ್ಟಣವಾಗಲಿ ಬೆಲ್ಲದ ಚೂರಾಗಲಿ ಇರಲೇಬೇಕು. ಸೀಟು ತೀರ ತಗ್ಗಾಗಿದ್ದರೆ ಮೊಣಕಾಲು ನೋಯುತ್ತದೆ. ಪೆಡಲು ಕೆಳಗೆ ಬಂದಾಗ ಕಾಲು ಬಹುತೇಕ ನೀಳವಾಗಿ, ಮೊಣಕಾಲು ಅಲ್ಪವೇ ಬಾಗಿರುವಷ್ಟು ಎತ್ತರ ಸರಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸೂರತ್ತಿನ ಬಿಸಿಲಿಗಿಂತ ಅಲ್ಲಿನ ಜಿಗುಟು ಸೆಕೆ ಹೆಚ್ಚು ದಣಿಸುತ್ತದೆ. ಒಂಬತ್ತರ ಒಳಗೆ ಮತ್ತು ಸಂಜೆ ಆರರ ಮೇಲೆ ಮಾತ್ರ ಸವಾರಿ, ಜೊತೆಗೆ ನೀರು ಅಥವಾ ಉಪ್ಪು ಹಾಕಿದ ಮಜ್ಜಿಗೆ. ಹೆಲ್ಮೆಟ್ಟು ಇರಲಿ, ಹಿಂದೆ ಕೆಂಪು ದೀಪವಿರಲಿ. ಸಂಕ್ರಾಂತಿಯ ಆಸುಪಾಸಿನಲ್ಲಿ, ಅಂದರೆ ಉತ್ತರಾಯಣದ ಗಾಳಿಪಟದ ದಿನಗಳಲ್ಲಿ, ಗಾಜಿನ ಪುಡಿ ಸವರಿದ ಮಾಂಜಾ ದಾರ ಸವಾರರ ಕುತ್ತಿಗೆಯನ್ನೇ ಸೀಳಿದ ನಿದರ್ಶನಗಳುಂಟು. ಆ ವಾರ ಕೊರಳಿಗೆ ದಪ್ಪ ಶಾಲು ಸುತ್ತಿಕೊಳ್ಳುವುದು ಕಡ್ಡಾಯ. ಸೈಕಲ್ಲನ್ನು ಮನೆಯಲ್ಲೇ ಬಿಟ್ಟರೆ ಇನ್ನೂ ಕ್ಷೇಮ.

ಎಣಿಕೆಗೆ ಬೇಕಾದದ್ದು ಇಬ್ಬರು ಮನುಷ್ಯರು, ಒಂದು ಪೆನ್ಸಿಲು, ಗೆರೆ ಎಳೆದ ಕಾಗದ. ಹೀರಾಬಾಗ್ ವೃತ್ತದಲ್ಲಿ ಒಬ್ಬರು ನಿಲ್ದಾಣದ ಕಡೆ ಮುಖ ಮಾಡಿ, ಇನ್ನೊಬ್ಬರು ಕಾಪೋದ್ರಾದ ಕಡೆ ಮುಖ ಮಾಡಿ ಕುಳಿತು, ಹಾದುಹೋದ ಸೈಕಲ್ಲಿಗೊಂದು ಗೀಟು ಎಳೆಯಬೇಕು. ಹೆಂಗಸರನ್ನು, ಶಾಲೆಯ ಮಕ್ಕಳನ್ನು ಬೇರೆ ಕಾಲಮಿನಲ್ಲಿ ಗುರುತಿಸಬೇಕು. ಅವರ ಸಂಖ್ಯೆ ಕಡಿಮೆಯಿದ್ದರೆ ರಸ್ತೆ ಭಯಾನಕವಾಗಿದೆ ಎಂಬುದಕ್ಕೆ ಅದೇ ಪುರಾವೆ. ಬೆಳಿಗ್ಗೆ ಏಳರಿಂದ ಒಂಬತ್ತು, ಸಂಜೆ ಆರರಿಂದ ಎಂಟು. ಭಾನುವಾರ ಬೇಡ, ಹಬ್ಬದ ದಿನ ಬೇಡ. ದೀಪಾವಳಿಯ ಸಮಯವಂತೂ ಕೂಡದು. ಆಗ ವಜ್ರದ ಕಾರ್ಖಾನೆಗಳಿಗೆ ಮೂರು ವಾರಗಳವರೆಗೂ ರಜೆ, ಅರ್ಧ ವರಾಛಾ ಸೌರಾಷ್ಟ್ರದ ಹಳ್ಳಿಗಳಿಗೆ ಹೋಗಿರುತ್ತದೆ. ರಜೆ ಮುಗಿದು ಘಂಟಿಗಳು ಮತ್ತೆ ತಿರುಗತೊಡಗಿದ ಮೇಲೆ, ಡಿಸೆಂಬರಿನ ಹಿತವಾದ ಚಳಿಯಲ್ಲಿ, ಯಾವುದಾದರೂ ಮಂಗಳವಾರವೋ ಬುಧವಾರವೋ ಕುಳಿತರೆ ಸರಿಯಾದ ಲೆಕ್ಕ ಸಿಗುತ್ತದೆ.